ಏಣಿಗೆ ಇಟ್ಟ ಕಾಲು

ಅಪ್ಪ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ತೊಟ್ಟಿ ತೊಳೆಯುವವನು. ಇಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಡುತ್ತಿದ್ದ. ಅದು ಆರದಿದ್ದರೆ ಗಾಳಿ ಒಳ್ಳೆಯದೆಂದು ಅಲ್ಲಿಯವರ ನಂಬಿಕೆ. ದೀಪ ಉರಿಯುತ್ತಿದ್ದರೂ ಆಳು ಸಾಯುವಷ್ಟು ವಿಷಾನಿಲ ಇರಬಹುದೆಂದು ಕಾಲೇಜಿನ ಸುರಕ್ಷತಾ ಪಾಠದಲ್ಲಿ ಕೇಳಿದ್ದೇ ತಡ, ಮಗಳು ಕಾರ್ಖಾನೆಗೆ ಓಡಿದಳು. ಅವಳು ಬರುವಷ್ಟರಲ್ಲಿ ಅಪ್ಪ ಏಣಿಯಿಂದ ತೊಟ್ಟಿಯೊಳಗೆ ಸೊಂಟದವರೆಗೆ ಇಳಿದಿದ್ದ.

"ಅಪ್ಪಾ, ಮೇಲೆ ಬಾ! ಒಳಗೆ ವಿಷಗಾಳಿ ಇರುತ್ತೆ!"

"ದೀಪ ಉರೀತಿದೆ ಕಣೇ. ನಿನ್ನ ಮೇಷ್ಟ್ರು ಯಾವತ್ತಾದ್ರೂ ತೊಟ್ಟಿಗೆ ಇಳಿದಿದ್ದಾರಾ?" ಎಂದು ನಕ್ಕು ಅಪ್ಪ ಇನ್ನೊಂದು ಮೆಟ್ಟಿಲು ಇಳಿದ.

ಅವಳೂ ಏಣಿಗೆ ಕಾಲಿಟ್ಟಳು.

"ಹಾಗಾದ್ರೆ ನಾನೂ ಬರ್ತೀನಿ."

"ಏಯ್, ನೀನು ಬೇಡ!"

"ಗಾಳಿ ಒಳ್ಳೇದಿದ್ರೆ ನಾನ್ಯಾಕೆ ಬೇಡ?"

ಅಪ್ಪ ಒಮ್ಮೆ ಕೆಳಗಿನ ಕತ್ತಲನ್ನು ನೋಡಿದ. ಆಮೇಲೆ ಬೇಗಬೇಗ ಮೇಲೆ ಹತ್ತತೊಡಗಿದ.