ಒಂಬತ್ತನೆಯವಳ ಟೋಪಿ

ನನ್ನ ಬಾಯಿಗೆ ಬ್ರೇಕ್ ಇಲ್ಲ ಎಂದು ಆಫೀಸಿನಲ್ಲಿ ಕಾಡಿಸುತ್ತಾರೆ. ದಿನವಿಡೀ ಕಾರಿನ ಬ್ರೇಕ್ ಪರೀಕ್ಷಿಸುವುದೇ ನನ್ನ ಕೆಲಸವಾದ್ದರಿಂದ ಈ ತಮಾಷೆ ಹಳಸುವುದೇ ಇಲ್ಲ. ನಾನು ಧಾರವಾಡದವಳು. ಜರ್ಮನಿಯ ಅಬ್‌ಸ್ಟಾಟ್‌ಗೆ ಬಂದು ಎಷ್ಟು ವರ್ಷವಾದರೂ ಅನ್ನಿಸಿದ್ದನ್ನು ನೇರ ಹೇಳಿಬಿಡುವ ಚಾಳಿ ಹೋಗಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಮಗಳನ್ನು ಬೇಸ್‌ಬಾಲ್‌ಗೆ ಸೇರಿಸಿದ್ದು ಈ ದೇಶದಲ್ಲಿ ನಾನು ಮಾಡಿದ ಬಹಳ ಒಳ್ಳೆಯ ಕೆಲಸ.

ಅದಕ್ಕೂ ಮೊದಲು ಬೇರೆ ಆಟಗಳ ರುಚಿ ನೋಡಿಯಾಗಿತ್ತು. ಟೆನಿಸ್ ಕ್ಲಬ್ಬಿನಲ್ಲಿ ಅವಳೊಬ್ಬಳೇ ಕಂದು ಬಣ್ಣದವಳು. ಕಲಿಸುವಾತ ಬಲು ಸಭ್ಯ, ಆದರೆ ಇಲ್ಲೇ ಹುಟ್ಟಿದ ಮಗುವಿನ ಜೊತೆ ಪದಪದ ಬಿಡಿಸಿ ಜರ್ಮನ್ ಮಾತಾಡುತ್ತಿದ್ದ. ಅವಳು ಅವನಿಗೆ ಪಟಪಟನೆ ಉತ್ತರ ಕೊಟ್ಟರೂ ಮುಂದಿನ ವಾರ ಮತ್ತೆ ಅದೇ ರಾಗ. ಫುಟ್‌ಬಾಲಿನಲ್ಲಿ ಆ ತೊಂದರೆ ಇರಲಿಲ್ಲ. ಟರ್ಕಿ, ಘಾನಾ, ಸಿರಿಯಾ, ಎಲ್ಲ ಕಡೆಯ ಮಕ್ಕಳೂ ಇದ್ದರು. ಆದರೆ ಊರಿನ ಮಕ್ಕಳೆಲ್ಲ ಅಲ್ಲೇ ಇದ್ದುದರಿಂದ ನನ್ನವಳು ಬೆಂಚು ಕಾಯಿಸಿದ್ದೇ ಬಂತು.

ಬೇಸ್‌ಬಾಲ್ ಮೈದಾನ ದ್ರಾಕ್ಷಿ ತೋಟಗಳ ಆಚೆ ಇದೆ. ಅಲ್ಲಿದ್ದವರು ಬೆರಳೆಣಿಕೆಯ ಮಕ್ಕಳು. ಒಬ್ಬನ ಅಪ್ಪ ಜಪಾನಿ ಎಂಜಿನಿಯರ್, ಒಬ್ಬಳ ಅಮ್ಮ ಕ್ಯೂಬಾದವಳು, ಉಳಿದವರು ಅಪ್ಪಟ ಜರ್ಮನರು. "ನೀನು ಎಲ್ಲಿಯವಳು?" ಎಂದು ನನ್ನ ಮಗಳನ್ನು ಯಾರೂ ಕೇಳಲಿಲ್ಲ. ಅಲ್ಲಿ ಎಲ್ಲರಿಗೂ ಬರುತ್ತಿದ್ದ ಪ್ರಶ್ನೆ ಒಂದೇ: "ಫುಟ್‌ಬಾಲ್ ಬಿಟ್ಟು ಇದ್ಯಾಕೆ?" ಬಿಳಿಯ ಮಕ್ಕಳೂ ತಮ್ಮ ಅಜ್ಜಂದಿರಿಗೆ ಅದಕ್ಕೆ ಉತ್ತರ ಹೇಳಿ ಹೇಳಿ ಸೋತಿದ್ದರು. ನನಗೆ ಆ ಮೈದಾನ ಮೊದಲ ದಿನವೇ ಹಿಡಿಸಿತು.

ಕೋಚ್ ಕಪ್ಪು ಬಣ್ಣದ ಅಮೆರಿಕನ್. ಸೈನ್ಯದ ಕೆಲಸಕ್ಕೆ ಬಂದು, ಇಲ್ಲಿಯವಳನ್ನೇ ಮದುವೆಯಾಗಿ, ಈಗ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾನೆ. "ನಮ್ಮೂರಿನಲ್ಲಿ ನನ್ನ ಬಣ್ಣದ ಮಕ್ಕಳು ಈ ಆಟವನ್ನು ಬಿಟ್ಟೇಬಿಟ್ಟಿದ್ದಾರೆ," ಎಂದು ಒಮ್ಮೆ ಹೇಳಿದ. "ಬಾಸ್ಕೆಟ್‌ಬಾಲಿಗೆ ಒಂದು ಚೆಂಡು, ಗೋಡೆಗೊಂದು ರಿಂಗು ಸಾಕು. ಇದಕ್ಕೆ ಗ್ಲವ್ಸ್ ಬೇಕು, ದೊಡ್ಡ ಮೈದಾನ ಬೇಕು, ಶನಿವಾರ ಊರೂರು ಕರೆದೊಯ್ಯುವ ಅಪ್ಪ ಬೇಕು. ಅಲ್ಲಿ ಇದು ಯಾರ ಆಟ ಎಂದು ಮಕ್ಕಳು ಮೊದಲೇ ತೀರ್ಮಾನಿಸಿರುತ್ತಾರೆ. ಇಲ್ಲಿ ಯಾರಿಗೂ ಗೊತ್ತಿಲ್ಲ, ಅದೇ ಅನುಕೂಲ."

ಆದರೆ ಯಾರಿಗೂ ಗೊತ್ತಿಲ್ಲದ ಆಟಕ್ಕೆ ಮಕ್ಕಳೂ ಬರುವುದಿಲ್ಲ. ಕಳೆದ ವಸಂತದಲ್ಲಿ ಒಬ್ಬ ಹುಡುಗ ಊರು ಬಿಟ್ಟು ಹೋದ, ತಂಡದಲ್ಲಿ ಎಂಟು ಮಂದಿ ಉಳಿದರು. ಒಂಬತ್ತನೆಯವರು ಸಿಗದಿದ್ದರೆ ಲೀಗ್‌ನಲ್ಲಿ ಆಡುವಂತಿರಲಿಲ್ಲ. ಮಗಳು ಊಟ ಬಿಟ್ಟಳು, ಜರ್ಮನ್‌ನಲ್ಲಿ ಅತ್ತಳು. ನಾನು, "ಅಳಬ್ಯಾಡ, ಒಂಬತ್ತನೇದವ್ರನ್ನ ನಾ ತರ್ತೀನಿ," ಎಂದೆ. ಆಡಿದ ಮೇಲೆ ಮಾಡಲೇಬೇಕಲ್ಲ. ನಮ್ಮ ಕನ್ನಡದವರ ಯುಗಾದಿ ಊಟಕ್ಕೆ ಕೋಚ್‌ನನ್ನೂ ಬ್ಯಾಟು ಚೆಂಡುಗಳನ್ನೂ ಕಾರಿಗೆ ಹಾಕಿಕೊಂಡು ಹೋದೆ.

ಕೋಚ್ ಹೋಳಿಗೆ ಹೊಡೆದ, ಕಟ್ಟಿನ ಸಾರು ಕುಡಿದ, ಆಮೇಲೆ ಹಾಲ್‌ನ ಹಿಂದಿದ್ದ ಹುಲ್ಲಿನ ಮೇಲೆ ಆಟ ಹೂಡಿದ. ನಾನು ಕಾದದ್ದು ಮಕ್ಕಳಿಗೆ, ಓಡಿ ಬಂದವರು ಅಪ್ಪಂದಿರು. ಚೆಂಡಿಗೆ ಬಾರಿಸಿ, ಕ್ರಿಕೆಟ್ಟಿನ ಅಭ್ಯಾಸದಂತೆ ಬ್ಯಾಟು ಹಿಡಿದುಕೊಂಡೇ ಓಡಿದರು. "ಅಂಕಲ್, ಬ್ಯಾಟ್ ಒಗೀರಿ!" ಎಂದು ನನ್ನ ಮಗಳು ಕಿರುಚಿದರೆ ಕೇಳುವವರಾರು? ಒಬ್ಬರಂತೂ ಕಾಲಿನಿಂದ ಮುಟ್ಟಬೇಕಾದ ಬೇಸ್ ಹತ್ತಿರ ಬಂದಾಗ ನೆಲಕ್ಕೆ ಬ್ಯಾಟು ಊರಿ, ಔಟಾಗಲಿಲ್ಲವೆಂದು ಹೆಮ್ಮೆಯಿಂದ ನಿಂತರು.

ಆ ಗದ್ದಲ ನೋಡಲು ಮಕ್ಕಳು ಹೊರಗೆ ಬಂದರು. ಅವರಲ್ಲಿ ವಿಜಯಪುರದ ಕಡೆಯ ಒಬ್ಬ ಹುಡುಗಿ, ನನ್ನ ಮಗಳ ಓರಗೆಯವಳು, ತನ್ನ ಕಾಲ ಬಳಿ ಉರುಳಿ ಬಂದ ಚೆಂಡನ್ನು ಎತ್ತಿ ಎಸೆದಳು. ಅದು ಹುಲ್ಲಿನ ಆ ಬದಿಯಲ್ಲಿದ್ದ ಕೋಚ್‌ನ ಗ್ಲವ್ಸ್‌ಗೆ ಚಟ್ಟೆಂದು ಬಡಿಯಿತು. ಅವನು ಕೈ ಝಾಡಿಸಿಕೊಂಡು ನನ್ನ ಮುಖ ನೋಡಿದ. ನಾನು ನೇರ ಹುಡುಗಿಯ ತಾಯಿಯ ಹತ್ತಿರ ನಡೆದು, ಮಗಳನ್ನು ನಮ್ಮ ತಂಡಕ್ಕೆ ಕಳಿಸಿ ಎಂದೆ.

"ಬಿಸಿಲಾಗ ಆಡಿ ಮತ್ತಷ್ಟು ಕರ್ರಗಾದ್ರ ಏನ್ ಮಾಡೂದ್ರಿ ಅಕ್ಕಾರ?" ಎಂದರು ಆಕೆ. "ಮೊದ್ಲ ಅಕಿ ಬಣ್ಣಾ ಅಷ್ಟಕ್ಕಷ್ಟ. ಅದಕ್ಕ ಒಳಗ ಆಡೂ ಬ್ಯಾಡ್ಮಿಂಟನ್‌ಗೆ ಹಚ್ಚೀನಿ."

ಏಪ್ರಿಲ್ ತಿಂಗಳ ಜರ್ಮನ್ ಬಿಸಿಲು ಅದು. ನಾವೆಲ್ಲ ಜಾಕೆಟ್ಟಿನೊಳಗೆ ನಡುಗುತ್ತಿದ್ದೆವು. ಮಾತಾಡಿದವರು ವಿಜಯಪುರದ ಮೇ ತಿಂಗಳಲ್ಲಿ ಬೆಳೆದವರು. ನನ್ನ ಹಿಂದೆಯೇ ಬಂದಿದ್ದ ಕೋಚ್, "ಏನಂತೆ?" ಎಂದು ಕೇಳಿದ. ಜೀವನದಲ್ಲಿ ಮೊದಲ ಸಲ ನನ್ನ ಬಾಯಿಗೆ ಬ್ರೇಕ್ ಬಿತ್ತು. ನನ್ನ ಮಗಳಿಗೆ ಆ ಸಂಕೋಚ ಇರಲಿಲ್ಲ. "ಬಿಸಿಲಿಗೆ ಅವಳು ಕಪ್ಪಾಗುತ್ತಾಳೆ ಎಂದು ಆಂಟಿಗೆ ಭಯ," ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಟೆನಿಸ್ ಕಲಿಸುವಾತನನ್ನು ಊರೆಲ್ಲ ಬೈದುಕೊಂಡು ತಿರುಗಿದವಳು ನಾನು. ಈಗ ನಮ್ಮದೇ ಹಬ್ಬದ ಊಟಕ್ಕೆ ನಾನೇ ಕರೆತಂದವನ ಎದುರಿಗೆ ಈ ಮಾತು!

ಕೋಚ್ ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ನನ್ನ ಅಜ್ಜಿಯೂ ನನ್ನ ತಂಗಿಗೆ ಇದನ್ನೇ ಹೇಳುತ್ತಿದ್ದಳು," ಎಂದ. "ಅಜ್ಜಿ ನನಗಿಂತ ಕಪ್ಪಗಿದ್ದಳು. ತಂಗಿ ಅವಳ ಮಾತು ಕೇಳಿ ಒಳಗೇ ಉಳಿದಳು. ನಮ್ಮ ಬೀದಿಯಲ್ಲಿ ಅವಳಷ್ಟು ಚೆನ್ನಾಗಿ ಚೆಂಡು ಎಸೆಯುವವರು ಯಾರೂ ಇರಲಿಲ್ಲ." ಆಮೇಲೆ ತನ್ನ ತಲೆಯ ಮೇಲಿನ ಟೋಪಿ ತೆಗೆದು ಹುಡುಗಿಯ ತಲೆಗೆ ಇಟ್ಟ. ಅದು ಅವಳ ಕಿವಿಯ ತನಕ ಇಳಿಯಿತು. ತಾಯಿ ನೆಲ ನೋಡುತ್ತಾ ನಿಂತರು.

ಎರಡು ದಿನ ಬಿಟ್ಟು ಆ ತಾಯಿಯ ಫೋನ್ ಬಂತು. "ಅಲ್ಲೆ ನೆಳ್ಳು ಅದ ಏನ್ರಿ ಅಕ್ಕಾರ?"

"ಇಲ್ರಿ," ಎಂದೆ. ಸುಳ್ಳು ಯಾಕೆ ಹೇಳಲಿ?

"ಹಂಗಾದ್ರ ಟೊಪ್ಪಿಗಿ ತಗೀಬಾರ್ದು. ಒಂದು ಕ್ಷಣನೂ ತಗೀಬಾರ್ದು. ಅಕಿ ಕಡೆ ಮಾತು ತಗೊಂಡೀನಿ."

ತಂಡ ಒಂಬತ್ತಾಯಿತು, ನನ್ನ ಮಗಳು ಮತ್ತೆ ಉಣ್ಣತೊಡಗಿದಳು. ಜೂನ್ ತಿಂಗಳ ಮೊದಲ ಪಂದ್ಯಕ್ಕೆ ಆ ತಾಯಿ ಛತ್ರಿ, ಸನ್‌ಸ್ಕ್ರೀನ್ ಹಿಡಿದುಕೊಂಡು ಬಂದರು. ಕೋಚ್‌ಗೆ ತಲೆಬಾಗಿ ನಮಸ್ಕಾರ ಮಾಡಿ, ಡಬ್ಬಿಯೊಂದನ್ನು ಅವನ ಕೈಗಿತ್ತರು. ಅದರಲ್ಲಿ ಹೋಳಿಗೆ ಇತ್ತು. ಅವನು ಅಲ್ಲೇ ಒಂದನ್ನು ಬಾಯಿಗೆ ಹಾಕಿಕೊಂಡ.

ಬಿಸಿಲು ಆ ದಿನ ನಿಜಕ್ಕೂ ವಿಜಯಪುರದ್ದೇ. ಆಟದ ಕೊನೆಗೆ ನಾವು ಒಂದೇ ಒಂದು ರನ್ ಮುಂದಿದ್ದೆವು, ಎದುರಾಳಿಗಳ ಕೊನೆಯ ಒಬ್ಬ ಔಟಾದರೆ ಗೆದ್ದಂತೆ. ಅವನು ಬೀಸಿ ಹೊಡೆದ. ಚೆಂಡು ಎತ್ತರಕ್ಕೆ ಏರಿ, ನಮ್ಮ ಒಂಬತ್ತನೆಯವಳು ನಿಂತಿದ್ದ ಮೂಲೆಯತ್ತ ಹೊರಟಿತು. ಅವಳು ಹಿಂದಕ್ಕೆ ಓಡಿದಳು. ಓಡುವ ರಭಸಕ್ಕೆ ಆ ದೊಡ್ಡ ಟೋಪಿ ಹಾರಿ ಬಿತ್ತು. ಹುಡುಗಿ ಗಕ್ಕನೆ ನಿಂತಳು. ಮೇಲೆ ಚೆಂಡು, ಕೆಳಗೆ ಟೋಪಿ. ಅವಳು ಬೇಲಿಯ ಕಡೆ ತಿರುಗಿ ಅಮ್ಮನ ಮುಖ ನೋಡಿದಳು.

ನನ್ನ ಪಕ್ಕದಲ್ಲಿದ್ದ ಛತ್ರಿ ನೆಲಕ್ಕೆ ಬಿತ್ತು. "ಟೊಪ್ಪಿಗಿ ಬಿಡವಾ!" ಎಂದು ಆ ತಾಯಿ ದ್ರಾಕ್ಷಿ ತೋಟಕ್ಕೆಲ್ಲ ಕೇಳುವಂತೆ ಕೂಗಿದರು. "ಓಡು! ಚೆಂಡ ಹಿಡಿ!"