ಮಾರಿದ ಸೈಕಲ್ಲಿನ ಹಿಂದೆ ಮುಂಡರಗಿವರೆಗೆ

ಜನವರಿಯ ಒಂದು ಶನಿವಾರ ಬೆಳಿಗ್ಗೆ ಬೆಟಗೇರಿಯ ಮನೆಯಿಂದ ಹೊರಟಾಗ ನನ್ನ ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು: "ಮಾರಿದ ಎಮ್ಮಿ ಹುಡಿಕ್ಕೊಂಡು ಹೋಗೋರ್ನ ನೋಡೀನಿ. ಮಾರಿದ ಸೈಕಲ್ ಹುಡಿಕ್ಕೊಂಡು ಹೋಗೋರು ನೀವೊಬ್ರ ನೋಡ್ರಿ."

ಹೌದು, ಮಾರಿದ್ದು ನಾನೇ. ಹಸಿರು ಬಣ್ಣದ ಫಿಕ್ಸಿ. ಹಳೆಯ ಫ್ರೇಮಿಗೆ ಒಂದೊಂದೇ ಸಾಮಾನು ಹುಡುಕಿ ತಂದು ಕೈಯಾರೆ ಜೋಡಿಸಿದ್ದು. ಫಿಕ್ಸಿ ಅಂದರೇನು ಅಂತ ಕೇಳುವವರಿಗೆ ಹೇಳಿಬಿಡುತ್ತೇನೆ. ಪೆಡಲ್ ನಿಲ್ಲಿಸಿದರೂ ಗಾಲಿಯನ್ನು ಓಡಲು ಬಿಡುವ ಫ್ರೀವೀಲ್ ಅದರ ಹಿಂದಿನ ಗಾಲಿಗೆ ಇರುವುದಿಲ್ಲ. ಗಾಲಿ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ. ಇಳಿಜಾರಿನಲ್ಲೂ ಕಾಲು ಸುಮ್ಮನೆ ಬಿಡುವಂತಿಲ್ಲ. ನಿಧಾನ ಆಗಬೇಕೆಂದರೆ ಕಾಲಿನಿಂದಲೇ ಪೆಡಲ್ಲನ್ನು ತಡೆಯಬೇಕು.

ಅದನ್ನು ಮಾರಿ ಗೇರು, ಡಿಸ್ಕ್ ಬ್ರೇಕು ಇರುವ ಹೊಸ ಸೈಕಲ್ ತಂದೆ. ಅದಕ್ಕೆ ಎಲ್ಲರೂ ನನ್ನನ್ನು ಶಾಣ್ಯಾ ಅಂದರು. ಹೊಸದರಲ್ಲಿ ಹೆಸರಿಡುವಂಥದ್ದು ಏನೂ ಇಲ್ಲ. ಆದರೆ ಹಳೆಯದರ ಮೇಲೆ ಕುಂತರೆ ರಸ್ತೆ ಅಂಗಾಲಿಗೆ ತಾಗುತ್ತಿತ್ತು. ಇದರ ಮೇಲೆ ಕುಂತರೆ ಬಸ್ಸಿನ ಕಿಟಕಿಯ ಪಕ್ಕ ಕುಂತಂತೆ. ಹಾಲು ತರಲು ಹೊರಟರೂ ಕಾಲು ಅದನ್ನೇ ಕೇಳುತ್ತಿತ್ತು. ಎರಡು ವರ್ಷ ತಡೆದೆ. ಕಡೆಗೆ, ಹೊಸದನ್ನು ಕೊಟ್ಟು ಹಳೆಯದನ್ನೇ ಬದಲಿಗೆ ತರೋಣ ಅಂತ ಹೊಸದನ್ನೇ ತುಳಿಯುತ್ತ ಹೊರಟುಬಿಟ್ಟೆ.

ಲಕ್ಷ್ಮೇಶ್ವರ ನಲವತ್ತು ಕಿಲೋಮೀಟರ್ ಆಸುಪಾಸು. ಮೂಡಗಾಳಿ ಬೆನ್ನಿಗಿತ್ತು. ರಸ್ತೆಯ ಎರಡೂ ಕಡೆ ಬಿಳಿಜೋಳ, ನಡುನಡುವೆ ಕುಸುಬಿಯ ಹಳದಿ. ಮಾಗಡಿ ಕೆರೆಯ ಹತ್ತಿರ ಚಹಾ ಕುಡಿದೆ. ದೂರದೇಶದ ಹಕ್ಕಿಗಳು ನೀರು ಕಾಣದಷ್ಟು ಇಳಿದಿದ್ದವು. "ಇವು ಹೊಳ್ಳಿ ಹೋಗ್ತಾವ್ರಿ, ನಮ್ಮ ಕಡಲಿ ಹೊಲ ತಿಂದು ಮುಗಿಸಿದ ಮ್ಯಾಲ" ಎಂದು ಚಹಾದವನು ಬೈದ. ಬೈಗುಳದಲ್ಲಿ ಸಿಟ್ಟಿರಲಿಲ್ಲ.

ನನ್ನ ಫಿಕ್ಸಿ ಕೊಂಡವರು ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ಸಂಗಪ್ಪನವರು. ಹೊಟ್ಟೆ ಕರಗಿಸಲು ಕೊಂಡಿದ್ದರು. ಹೊಟ್ಟೆ ಇದ್ದಲ್ಲೇ ಇತ್ತು, ಸೈಕಲ್ ಇರಲಿಲ್ಲ.

"ಎಂಥಾ ಸೈಕಲ್ ಕೊಟ್ರಿ ಮಾರಾಯ್ರ!" ಎಂದು ನನ್ನನ್ನು ನೋಡಿದ ಕೂಡಲೇ ಶುರು ಮಾಡಿದರು. "ಶಿಗ್ಲಿ ರಸ್ತೆದಾಗ ಎಮ್ಮಿ ಅಡ್ಡ ಬಂತು. ಕಾಲು ಬಿಟ್ಟೆ. ಪೆಡಲ್ ತಿರುಗಿ ಮೊಣಕಾಲಿಗೆ ಬಡೀತು ನೋಡ್ರಿ, ಸೀದಾ ಗಟಾರದಾಗ! ನನ್ನ ಗಿರಾಕಿ ಎಲ್ಲಾ ನಿಂತು ನೋಡಿದ್ರು."

"ಕಾಲು ಬಿಡಬ್ಯಾಡ್ರಿ ಅಂತ ಹೇಳಿದ್ನಲ್ರಿ?"

"ನೀವು ಹೇಳಿದ್ರಿ. ನನಗ ಕೇಳಿಸ್ತು. ಕಾಲಿಗೆ ಕೇಳಿಸ್ಲಿಲ್ಲ."

ಮರುದಿನವೇ ಫ್ರೀವೀಲ್ ಹಾಕಿಸಿದ್ದರಂತೆ. ಆಮೇಲೆ ಕ್ಯಾರಿಯರ್, ಸ್ಟ್ಯಾಂಡು, ಎರಡು ಮಡಗಾರ್ಡು. ಫೋನಿನಲ್ಲಿ ಫೋಟೋ ತೋರಿಸಿದರು. ಒಳಗೆಲ್ಲೋ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಫಿಕ್ಸಿ ಮಾರುವವರು ಗಿರಾಕಿಯನ್ನು ಅದರ ಮೇಲೆ ಹತ್ತಿಸಿ, ಬಯಲಿನಲ್ಲಿ ನಾಲ್ಕು ಸುತ್ತು ಹಾಕಿಸದೆ ಮಾರಬೇಡಿ. ಕೊಳ್ಳುವವರು ಮೊದಲು ಫ್ರೇಮ್ ನಿಮ್ಮ ಅಳತೆಗೆ ಐತೋ ಇಲ್ಲೋ ನೋಡಿರಿ, ಬಣ್ಣ ಆಮೇಲೆ. ನಮ್ಮ ರಸ್ತೆಗೆ ಅಗಲ ಟಾಯರ್ ಇರಲಿ. ಕಾಲು ಎಷ್ಟೇ ಪಳಗಿದ್ದರೂ ಮುಂದಿನ ಬ್ರೇಕು ಬೇಕೇ ಬೇಕು. ಬ್ರೇಕ್ ಇಲ್ಲದೆ ಓಡಿಸುವ ವಿಡಿಯೋ ಮಾಡುವವರು ನಮ್ಮ ಊರಿನ ಎಮ್ಮೆ ನೋಡಿಲ್ಲ.

ಸಂಗಪ್ಪನವರು ಆ ಸೈಕಲ್ಲನ್ನು ಶಿರಹಟ್ಟಿಯಲ್ಲಿ ಖಾನಾವಳಿ ಇಟ್ಟಿರುವ ವೀರಪ್ಪನಿಗೆ ಕೊಟ್ಟಿದ್ದರು. ಸಂಜೆ ಅಲ್ಲಿಗೆ ಮುಟ್ಟಿದೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿದ ಮೇಲೆ ವೀರಪ್ಪ ಎದುರಿಗೆ ಕುಂತ.

"ಆ ಹಸಿರದಾ? ಅದು ನಮ್ಮಲ್ಲಿಲ್ರಿ. ಫ್ರೀವೀಲ್‌ನಾಗ ಧೂಳು ಹೊಕ್ಕು ಜಾಮ್ ಆತು. ಗಾಲಿ ಕೂಡ ಪೆಡಲ್ಲೂ ತಿರುಗಾಕ ಹತ್ತಿತು, ಕಾಲು ನಿಲ್ಲಿಸಾಕ ಬರವಲ್ದು. ಗುಜರಿಗೆ ಹಾಕಾಂವ ಇದ್ದೆ. ನಮ್ಮ ಮನಿಯಾಕಿ ತಂಗಿ ನೀಲವ್ವ ಮುಂಡರಗಿಯಿಂದ ಬಂದಾಕಿ ಅಂಗಳದಾಗ ಅದನ್ನ ಹತ್ತಿ ನೋಡಿದ್ಳು. ನನಗ ಬೇಕು ಅಂದ್ಲು."

"ಜಾಮ್ ಆದದ್ದನ್ನ?"

"ಆಕಿನ್ನ ಕೇಳ್ರಿ. ಹುಷಾರಿ ಮತ್ತ, ಆಕಿ ನಾಲಿಗಿಗೆ ಬ್ರೇಕ್ ಇಲ್ಲ."

ಆ ರಾತ್ರಿ ಅಲ್ಲೇ ಮಲಗಿದೆ. ಖುಷಿಯಾಗಿತ್ತು. ಜಾಮ್ ಆದ ಸೈಕಲ್ಲಿಗೆ ಬದಲಾಗಿ ಗೇರಿನ ಸೈಕಲ್ ಸಿಗುತ್ತದೆ ಅಂದರೆ ಯಾರು ಬೇಡ ಅಂತಾರೆ?

ಎರಡನೆಯ ದಿನ ಗಾಳಿ ಎದುರಾಯಿತು. ಎಡಕ್ಕೆ ಕಪ್ಪತಗುಡ್ಡ, ಮೇಲೆ ದೊಡ್ಡ ಗಾಳಿಪಂಖಗಳು ನನ್ನನ್ನು ಅಣಕಿಸುವಂತೆ ತಿರುಗುತ್ತಿದ್ದವು. ಗೇರು ಇಳಿಸಿ ಇಳಿಸಿ ತುಳಿದೆ. ಫಿಕ್ಸಿಯಾಗಿದ್ದರೆ ಅಂದು ನಡುದಾರಿಯಲ್ಲೇ ಇಳಿದು ತಳ್ಳುತ್ತಿದ್ದೆ. ಇಷ್ಟು ಗೊತ್ತಿದ್ದೂ ಮನಸ್ಸು ಕೇಳಲಿಲ್ಲ.

ಮುಂಡರಗಿಯಲ್ಲಿ ಬ್ಲೌಸ್ ಹೊಲಿಯುವ ನೀಲವ್ವ ಅಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಗೋಡೆಗೆ ಒರಗಿ ನಿಂತಿತ್ತು ನನ್ನ ಸೈಕಲ್. ಹಸಿರು ಅಲ್ಲಲ್ಲಿ ಸುಲಿದಿತ್ತು. ಸೀಟು ತಗ್ಗಿಸಿದ್ದರು. ಕ್ಯಾರಿಯರ್ ಮೇಲೆ ಬಟ್ಟೆಯ ಗಂಟು. ಕುಕ್ಕರಗಾಲಲ್ಲಿ ಕುಂತು ಹಿಂದಿನ ಗಾಲಿ ನೋಡಿದೆ. ಫ್ರೀವೀಲ್ ಇರಲೇ ಇಲ್ಲ. ನಾನು ಹಾಕಿದ್ದ ಅದೇ ಹಲ್ಲಿನ ಚಕ್ರ ಮತ್ತೆ ತನ್ನ ಜಾಗಕ್ಕೆ ಬಂದಿತ್ತು! ಎಡ ಪೆಡಲ್ಲಿಗೆ ಮಾತ್ರ ಒಂದು ಚರ್ಮದ ಪಟ್ಟಿ.

"ಏನ್ ಹುಡುಕಾಕತ್ತೀರಿ? ಗಾಳಿ ಬಿಡಾಕ ಬಂದೀರೇನು?"

ನೀಲವ್ವ ಬಾಗಿಲಲ್ಲಿ ನಿಂತಿದ್ದರು. ನನ್ನಷ್ಟೇ ವಯಸ್ಸು. ಎಡಗಾಲು ಚಿಕ್ಕಂದಿನಿಂದ ಸೊರಗಿದ್ದು. ಮೊಣಕಾಲಿನ ಮೇಲೆ ಕೈ ಒತ್ತಿ ಹೆಜ್ಜೆ ಇಡುತ್ತ ಬಂದರು. ನಾನು ಯಾರು, ಯಾಕೆ ಬಂದೆ ಹೇಳಿದೆ.

"ಎರಡು ದಿನ ತುಳಿದು, ಹೊಸಾದು ಕೊಟ್ಟು ಹಳೇದು ಒಯ್ಯಾಕ ಬಂದೀರಿ. ಮನ್ಯಾಗ ಹೇಳಿ ಬಂದೀರಿಲ್ಲೋ?"

"ಹೇಳೀನ್ರಿ ಅಕ್ಕಾರ. ನೀವೊಮ್ಮೆ ಹತ್ತಿ ನೋಡ್ರಿ. ಬಾಳ ಹಗುರ ಐತಿ."

ನಾನು ಸೀಟು ಇಳಿಸಿಕೊಟ್ಟೆ. ಹತ್ತಿದರು. ಬಲಗಾಲು ಒತ್ತಿದರು, ಸೈಕಲ್ ಮುಂದೆ ಹೋಯಿತು. ಒತ್ತಿದ ಪೆಡಲ್ ಕೆಳಗೇ ನಿಂತಿತು. ಮೇಲೆ ಹೋದ ಎಡಗಾಲಿಗೆ ಆ ಕಡೆಯ ಪೆಡಲ್ಲನ್ನು ಒತ್ತುವ ಬಲವಿರಲಿಲ್ಲ. ನಾಲ್ಕು ಮಾರು ಉರುಳಿ ಸೈಕಲ್ ವಾಲಿತು. ಅವರು ಬಲಗಾಲು ನೆಲಕ್ಕೆ ಕೊಟ್ಟು ನಿಂತರು. ನನಗೆ ಆಗ ತಿಳಿಯಿತು.

"ನೋಡಿದ್ರಿಲ್ಲೋ?" ಅಂದರು. "ನಿಮ್ಮದು ನನ್ನ ಎಡಗಾಲಿನ ದಾರಿ ಕಾಯ್ತೈತಿ. ನಂದು ಕಾಯಂಗಿಲ್ಲ. ತಾನ ಎತ್ತಿಕೊಂಡು ಹೋಗ್ತೈತಿ. ಸಣ್ಣಾಕಿ ಇದ್ದಾಗಿಂದ ಹತ್ತದ ಸೈಕಲ್ ಇಲ್ರಿ, ಬೀಳದ ಸೈಕಲ್ಲೂ ಇಲ್ಲ. ಭಾವನ ಅಂಗಳದಾಗ ಅದು ಜಾಮ್ ಆಗಿ ನಿಂತಿತ್ತಲ್ಲ, ಅವತ್ತ ಮೊದಲ ಸಲ ಬೀಳದ ಎದುರಿನ ಗ್ವಾಡಿ ಮಟ ಹೋದೆ. ಭಾವನ ಕಡೆಯಿಂದ ಸಂಗಪ್ಪಗ ಫೋನ್ ಹಚ್ಚಿಸಿ, ಅಂವ ಬಿಚ್ಚಿಟ್ಟಿದ್ದ ಹಲ್ಲಿನ ಚಕ್ರ ತರಿಸಿ ಹಾಕಿಸಿದೆ. ಈಗ ಹೊಲಿದ ಅರಬಿ ಮನಿ ಮನಿಗೆ ನಾನ ಮುಟ್ಟಸ್ತೀನಿ. ಕೇಳ್ರಿ ಇನ್ನ, ಕೊಡ್ತೀಯೇನು ಅಂತ."

ನಾನು ಕೇಳಲಿಲ್ಲ. ಅವರೇ ನನ್ನ ಮುಖ ನೋಡಿ ನಕ್ಕರು. "ಹಿಂಗ ಮಾರಿ ಸಣ್ಣದು ಮಾಡಬ್ಯಾಡ್ರಿ. ನೀರಿನ ಟಾಕಿ ಮಟ ಒಂದು ಸಲ ಹೋಗಿ ಬರ್ರಿ. ಅಲ್ಲೀ ಮಟ ನಿಮ್ಮ ಹೊಸಾದು ನನ್ನ ಕಡೆ ಒತ್ತಿ ಇರ್ಲಿ."

ಸೀಟು ಏರಿಸಲಿಲ್ಲ. ಅದು ಅವರ ಅಳತೆ. ಮೊಣಕಾಲು ಮೊಣಕೈಗೆ ಬಡಿಯುತ್ತಿದ್ದವು. ಆದರೂ ಓಣಿ ದಾಟುವಷ್ಟರಲ್ಲಿ ಕಾಲಿಗೆ ಗುರುತು ಹತ್ತಿತು. ಡಾಂಬರಿನ ಪ್ರತಿ ಕಲ್ಲು ಅಂಗಾಲಿಗೆ ಬಂತು. ನಾನು ತುಳಿಯುತ್ತಿದ್ದೇನೋ, ಅದೇ ನನ್ನ ಕಾಲು ಹಿಡಿದು ನಡೆಸುತ್ತಿತ್ತೋ ತಿಳಿಯದ ಆ ಹಳೆಯ ಸುಖ. ಟಾಕಿ ಬಂತು. ಅದರಾಚೆ ರಸ್ತೆ ನೆಟ್ಟಗೆ ಹೊಲಗಳ ನಡುವೆ ಹೋಗಿತ್ತು. ಟಾಕಿಗೆ ಒಂದು ಸುತ್ತು ಹಾಕಿದೆ. ಇನ್ನೊಂದು ಸುತ್ತು ಹಾಕಿದೆ. ಹೊಳ್ಳಿ ಬಂದೆ.

"ಬರ್ತೀರೋ ಇಲ್ಲೋ ಅಂತ ಓಣ್ಯಾಗ ನಾಕ ಮಂದಿಗೆ ಹೇಳಿಟ್ಟಿದ್ದೆ," ಅಂದರು ನೀಲವ್ವ.

ಚೈನು ಸಡಿಲಾಗಿತ್ತು. ಫಿಕ್ಸಿಯಲ್ಲಿ ಓಡುವಾಗ ಚೈನು ಕಳಚಿ ಸಿಕ್ಕಿಕೊಂಡರೆ ಗಾಲಿ ಗಕ್ಕನೆ ನಿಂತುಬಿಡುತ್ತದೆ. ಹಿಂದಿನ ನಟ್ಟು ಬಿಚ್ಚಿ, ಗಾಲಿ ಎಳೆದು ಕೂಡಿಸಿ, ಬಿಗಿ ಮಾಡಿದೆ. ಬೆರಳಿನಿಂದ ಒತ್ತಿದರೆ ಚೈನು ಎಷ್ಟು ಜಗ್ಗಬೇಕು ಅನ್ನುವುದನ್ನು ಅವರ ಕೈಯಿಂದಲೇ ಒತ್ತಿಸಿ ತೋರಿಸಿದೆ. "ಇಷ್ಟ ಇರ್ಬೇಕ್ರಿ. ಹೆಚ್ಚಾದ್ರ ಹತ್ತಬ್ಯಾಡ್ರಿ." ಅವರು ಮಗ್ಗಿ ಒಪ್ಪಿಸುವಂತೆ ಎರಡು ಸಲ ಒತ್ತಿ ನೋಡಿದರು. ಆಮೇಲೆ ಎಡಗಾಲನ್ನು ಕೈಯಿಂದ ಎತ್ತಿ ಪಟ್ಟಿಯೊಳಗೆ ಇಟ್ಟು, ಗಂಟು ಸರಿಮಾಡಿ ಹೊರಟೇಬಿಟ್ಟರು. ಓಣಿಯ ತಿರುವಿನಲ್ಲಿ ಒಂದು ಟೆಂಪೋ ಅಡ್ಡ ಬಂತು. ಬಲಗಾಲು ತಡೆದು ನಿಧಾನವಾದರು, ಕಾಲು ಬಿಡಲಿಲ್ಲ. ಟೆಂಪೋದವನಿಗೆ ಏನೋ ಬೈದದ್ದು ಕೇಳಿಸಿತು. ತಿರುವಿನಾಚೆ ಹಸಿರು ಮರೆಯಾಯಿತು.

ಊಟ ಮುಗಿಸಿ ಹೊಸ ಸೈಕಲ್ಲನ್ನೇ ಹತ್ತಿ ಮನೆಯ ಕಡೆ, ಗದಗಿನ ದಾರಿ ಹಿಡಿದೆ. ಡಂಬಳ ದಾಟಿದ ಮೇಲೆ ಒಂದು ಕಡೆ ಇಳಿಜಾರು ಬಂತು. ಕಾಲು ಬಿಟ್ಟು ಸುಮ್ಮನೆ ಕುಂತರೂ ಸೈಕಲ್ ತಾನೇ ಇಳಿಯುತ್ತಿತ್ತು. ಪೆಡಲ್ ತಿರುಗಿಸಿದರೆ ಕಾಲಿಗೆ ಏನೂ ಸಿಗಲಿಲ್ಲ, ಗಾಳಿಯಲ್ಲಿ ತುಳಿದಂತೆ. ಆದರೂ ಇಳಿಜಾರು ಮುಗಿಯುವವರೆಗೆ ತುಳಿಯುತ್ತಲೇ ಹೋದೆ.