ಊರಿಗೆಲ್ಲಾ ಆರಾಮ ಇಡಪ್ಪಾ

“ದಿನಾ ಹತ್ತು ಮಂದಿ ಜ್ವರದವರು ಬಂದ್ರ ಸಾಕಪಾ, ಎರಡು ವರ್ಷದಾಗ ಸಾಲ ತೀರತೈತಿ,” ಎಂದು ಅಪ್ಪನಿಗೆ ಲೆಕ್ಕ ಒಪ್ಪಿಸುತ್ತಿದ್ದೆ. ಎಂಬತ್ತರ ದಶಕದ ಮಾತು. ಬಿ.ಎಸ್ಸಿ. ಮುಗಿಸಿದ್ದ ನನಗೆ ಸಾಲ ಮಾಡಿಯಾದರೂ ಹುಬ್ಬಳ್ಳಿಯಲ್ಲಿ ರಕ್ತಪರೀಕ್ಷೆಯ ಸರ್ಟಿಫಿಕೇಟ್ ಕೋರ್ಸ್ ಕಲಿತು, ಕಲಘಟಗಿಯಲ್ಲಿ ಲ್ಯಾಬ್ ತೆರೆಯುವ ಹುಮ್ಮಸ್ಸು.

ದೇವರ ಜಗಲಿಗೆ ದೀಪ ಹಚ್ಚುತ್ತಿದ್ದ ಅಜ್ಜಿ ಅಲ್ಲಿಗೇ ನಿಲ್ಲಿಸಿ ನನ್ನ ಕಡೆ ತಿರುಗಿದಳು. “ಊರಿಗೆಲ್ಲಾ ಆರಾಮ ಇಡಪ್ಪಾ” ಎಂದು ದಿನವೂ ಶಿವನನ್ನು ಬೇಡಿಕೊಳ್ಳುವವಳು ಆಕೆ.

“ತಮ್ಮಾ, ನಿನ್ನ ಸಾಲ ತೀರೂತನಕ ನಾ ಹಂಗ ಬೇಡಬಾರದೇನು?”

ಕೊಂಕು ಮಾತಲ್ಲ, ನಿಜವಾಗಿಯೂ ಕೇಳಿದ್ದಳು.

ಸಾಲ ಎಂದೋ ತೀರಿತು. ಇಂದಿಗೂ ಲ್ಯಾಬಿನ ಮುಂದೆ ರೋಗಿಗಳ ಪಾಳಿ ಉದ್ದವಿದ್ದರೆ ಮೊದಲು ನನಗೆ ಖುಷಿಯೇ ಆಗುತ್ತದೆ. ಅಜ್ಜಿ ಆಮೇಲೆ ನೆನಪಾಗುತ್ತಾಳೆ.